ಪರದೆಯ ಗುಣವೋ, ಮನೆಮಾತಿನ ಗುಣವೋ?

ಕನ್ನಡದಲ್ಲಿ ‘ಮಾಧ್ಯಮ’ ಎಂಬ ಪದಕ್ಕೆ ಎರಡು ಅರ್ಥಗಳಿವೆ: ಪಾಠವನ್ನು ಹೊತ್ತು ತರುವ ಸಾಧನ ಮತ್ತು ಪಾಠ ನಡೆಯುವ ಭಾಷೆ. ಸಂವಾದಿ ಬಹುಮಾಧ್ಯಮವು ಕಲಿಯುವವರ ಮನೋಭಾವವನ್ನೂ ಸಾಧನೆಯನ್ನೂ ಸುಧಾರಿಸುತ್ತದೆ ಎನ್ನುವ ಬರಹಗಳು ಮೊದಲನೆಯ ಅರ್ಥವನ್ನಷ್ಟೇ ಪರಿಗಣಿಸುತ್ತವೆ. 1956ರಲ್ಲಿ ಬೀದರ ಜಿಲ್ಲೆಯಿಂದ ಮುಂಬಯಿ ರಾಜ್ಯಕ್ಕೆ ಸೇರಿದ ನಿಲಂಗಾ, ಉದಗೀರಗಳಲ್ಲಿ, ನೆರೆಯ ಉಮರ್ಗಾದಲ್ಲಿ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದುವ ಮಕ್ಕಳಿದ್ದಾರೆ. ಅವರ ಮಟ್ಟಿಗೆ ಎರಡನೆಯ ಅರ್ಥವನ್ನು ಬಿಟ್ಟು ಮೊದಲನೆಯದನ್ನು ಅಳೆಯಲಾಗದು.

ಈ ಗೊಂದಲಕ್ಕೆ ನಿದರ್ಶನ ಪಕ್ಕದ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಇದೆ. ಪರಿತೇವಾಡಿಯ ಶಿಕ್ಷಕ ರಣಜಿತ್‌ಸಿಂಹ ಡಿಸಳೆ ಅವರು 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಪ್ರಶಸ್ತಿ ನೀಡಿದವರ ಪರಿಚಯದ ಪ್ರಕಾರ, ಅವರು ಕನ್ನಡ ಕಲಿತು, ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮರುರೂಪಿಸಿ, ಕ್ಯೂಆರ್ ಸಂಕೇತಗಳ ಮೂಲಕ ಕನ್ನಡದ ಪದ್ಯ, ಕಥೆ, ಪಾಠಗಳನ್ನು ಒದಗಿಸಿದರು. ಲೋಕದ ಗಮನ ಸೆಳೆದದ್ದು ಸಂಕೇತ. ಅದು ತೆರೆದುಕೊಟ್ಟ ಭಾಷೆಗೆ ಆ ಮನ್ನಣೆ ಸಿಗಲಿಲ್ಲ. ಈ ವಿವರಣೆಯನ್ನು ಹಾಗೆಯೇ ಒಪ್ಪಿದರೂ, ಫಲ ಯಾವುದರಿಂದ ಬಂದಿತೆಂಬ ಪ್ರಶ್ನೆ ಉಳಿಯುತ್ತದೆ.

ರಿಚರ್ಡ್ ಕ್ಲಾರ್ಕ್ 1983ರಲ್ಲಿಯೇ ಈ ಆಕ್ಷೇಪವನ್ನು ಎತ್ತಿದ್ದರು: ಮಾಧ್ಯಮವು ದಿನಸಿ ತರುವ ವಾಹನದಂತೆ, ಪೋಷಣೆ ವಾಹನದಿಂದ ಬರುವುದಿಲ್ಲ. ಪ್ರತಿ ಮಾಧ್ಯಮಕ್ಕೂ ಅದರದೇ ಸಾಮರ್ಥ್ಯವಿದೆ ಎಂದು ರಾಬರ್ಟ್ ಕೋಜ್ಮಾ ಉತ್ತರಿಸಿದರು. ಕೋಜ್ಮಾರ ಮಾತಿನಲ್ಲಿ ಸತ್ಯವಿದೆ: ಬರಹವಾಗಿ ಕನ್ನಡವನ್ನು ಎಂದೂ ಕಾಣದ ಮಗುವಿಗೆ ಕನ್ನಡದ ಅಚ್ಚುಪುಸ್ತಕ ನಿರುಪಯೋಗಿ, ಧ್ವನಿ ಉಪಯೋಗಿ. ಆದರೆ ಆ ಧ್ವನಿ ಮರಾಠಿಯದೇ ಆದರೆ ಸಾಮರ್ಥ್ಯದ ಬಹುಪಾಲು ವ್ಯರ್ಥ.

ಮನೋಭಾವವನ್ನು ಸಾಧನೆಯ ಸಾಕ್ಷಿಯೆಂದು ಬಗೆಯುವುದೂ ಅಪಾಯಕರ. ಆರನೆಯ ತರಗತಿಯ ಮಕ್ಕಳ ಕುರಿತ ಗವ್ರಿಯೆಲ್ ಸಾಲೊಮನ್ ಅವರ 1984ರ ಅಧ್ಯಯನದಲ್ಲಿ, ಮಕ್ಕಳು ದೂರದರ್ಶನವನ್ನು ಸುಲಭವೆಂದು ನಂಬಿ ಅದಕ್ಕೆ ಕಡಿಮೆ ಮನಃಶ್ರಮ ವ್ಯಯಿಸಿದರು. ಅಚ್ಚಿನ ಪಠ್ಯ ಓದಿದವರು ಹೆಚ್ಚು ಕಲಿತರು. ಪರದೆಯೆದುರಿನ ಉತ್ಸಾಹವನ್ನು ಪ್ರಶ್ನಾವಳಿಯಿಂದ ಎಣಿಸಿ ಕಲಿಕೆ ನಡೆಯಿತೆನ್ನುವ ವರದಿಗಳು ಈ ಎಚ್ಚರಿಕೆಯನ್ನು ಮರೆಯುತ್ತವೆ. ದಿಲ್ಲಿಯಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶದ ಕುರಿತ 2019ರ ಅಧ್ಯಯನ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಪ್ರಮಾಣ ವಿಚಲನೆಗಳಷ್ಟು ಸುಧಾರಣೆಯನ್ನು ದಾಖಲಿಸಿದೆ. ಅಲ್ಲಿ ಪಾಠವು ಪ್ರತಿ ಮಗುವಿನ ನಿಜವಾದ ಮಟ್ಟದಿಂದ ಆರಂಭವಾಗುತ್ತಿತ್ತು. ಗಡಿಯ ಮಗುವಿನ ಮಟ್ಟದಲ್ಲಿ ಅದರ ಮನೆಮಾತೂ ಸೇರಿದೆ.

ಆದ್ದರಿಂದ ಈ ಮೂರು ತಾಲೂಕುಗಳಲ್ಲಿ ನಡೆಯಬೇಕಾದ ಪರೀಕ್ಷೆ ನಾಲ್ಕು ಕವಲಿನದು: ಒಂದೇ ಪಾಠ ಮರಾಠಿ ಪುಸ್ತಕದಲ್ಲಿ, ಮರಾಠಿ ಪರದೆಯಲ್ಲಿ, ಶಿಕ್ಷಕರ ಕನ್ನಡ ವಿವರಣೆಯಲ್ಲಿ, ಕನ್ನಡ ಪರದೆಯಲ್ಲಿ. ಇಷ್ಟವಾಯಿತೇ ಎಂಬುದನ್ನೂ ತಿಳಿಯಿತೇ ಎಂಬುದನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಪ್ರಕಟಿಸುತ್ತದೆ. ಸಾಮಗ್ರಿಗೆ ತಳಹದಿ ಇಲ್ಲವೆನ್ನುವಂತಿಲ್ಲ. ಆದರೆ ಆ ಪುಸ್ತಕದ ಶಿಷ್ಟ ಕನ್ನಡವೇ ಈ ಮನೆಗಳ ಕನ್ನಡವಲ್ಲ ಎಂಬ ಅರಿವು ಧ್ವನಿಮುದ್ರಿಸುವವರಿಗೆ ಇರಬೇಕು.

ಈ ವಿವೇಚನೆ ಪಾಂಡಿತ್ಯದ ಕೂದಲು ಸೀಳುವಿಕೆಯಲ್ಲ. ಯಶಸ್ಸನ್ನು ಯಂತ್ರದ ಲೆಕ್ಕಕ್ಕೆ ಬರೆದರೆ ಶಾಲೆಗೆ ಯಂತ್ರ ಬರುತ್ತದೆ, ಭಾಷೆ ಹೊರಗೇ ಉಳಿಯುತ್ತದೆ. ಮುಂದೆ ಅಂಕಗಳು ಏರದಿದ್ದಾಗ ದೋಷ ಹೊರುವುದು ಮಗು.