ಮೃಚ್ಛಕಟಿಕದಲ್ಲಿ ವಧದಂಡ

ಶೂದ್ರಕನ ಮೃಚ್ಛಕಟಿಕವನ್ನು ಓದಿದವರು ಚಾರುದತ್ತನ ಔದಾರ್ಯವನ್ನೂ ವಸಂತಸೇನೆಯ ಅನುರಾಗವನ್ನೂ ಕೊಂಡಾಡುತ್ತಾರೆ. ಶಕಾರನ ಅಸಂಬದ್ಧ ಪ್ರಲಾಪಕ್ಕೆ ನಗುತ್ತಾರೆ. ಒಂಬತ್ತನೆಯ ಅಂಕದ ವಿಚಾರಣೆಯನ್ನು ಮಾತ್ರ ಕಥೆ ಸಾಗುವುದಕ್ಕೆ ಬೇಕಾದ ಒಂದು ಘಟನೆಯೆಂದೆಣಿಸಿ ದಾಟಿಬಿಡುವುದು ವಾಡಿಕೆ. ನಿರಪರಾಧಿಗೆ ವಧದಂಡವಾಗುವ ಬಗೆಯನ್ನು ಇಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದ ಅಂಕವು ಸಂಸ್ಕೃತ ನಾಟಕಗಳಲ್ಲಿ ಮತ್ತೊಂದು ಕಾಣದು.

ಶಕಾರನು ದುಷ್ಟ, ಪಾಲಕನು ಅವಿವೇಕಿಯಾದ ಅರಸು, ಆದುದರಿಂದ ಚಾರುದತ್ತನಿಗೆ ಆ ಗತಿ ಬಂತು ಎನ್ನುವುದು ಸುಲಭ. ಕವಿಯು ಅಷ್ಟಕ್ಕೇ ನಿಲ್ಲಲಿಲ್ಲ. ಅಧಿಕರಣಿಕನು ಸಾಧು, ವ್ಯವಹಾರನಿರ್ಣಯವು ಎಷ್ಟು ದುಷ್ಕರವೆಂಬುದನ್ನು ಬಲ್ಲವನು, ಚಾರುದತ್ತನ ಮುಖವನ್ನು ಕಂಡು, ಇವನಿಂದ ಇಂತಹ ಕೃತ್ಯವಾಗಲಾರದೆಂದು ನೆನೆದವನು. ಸಾಕ್ಷಿಗಳೋ, ಶಕಾರನೊಬ್ಬನ ಹೊರತು ಯಾರೂ ಸುಳ್ಳಾಡಲಿಲ್ಲ. ಮಗಳು ಚಾರುದತ್ತನ ಮನೆಗೆ ಹೋದಳೆಂದು ತಾಯಿ ಹೇಳಿದುದು ನಿಜ. ಚಾರುದತ್ತನ ಬಂಡಿಯಲ್ಲಿ ವಸಂತಸೇನೆಯು ಪುಷ್ಪಕರಂಡಕೋದ್ಯಾನಕ್ಕೆ ಹೋಗುತ್ತಿರುವಳೆಂಬ ಮಾತನ್ನು ದಾರಿಯಲ್ಲಿ ಕೇಳಿದೆನೆಂದು ವೀರಕನು ಹೇಳಿದುದು ನಿಜ. ಅವನೇ ಉದ್ಯಾನಕ್ಕೆ ಹೋಗಿ, ಮೃಗಗಳು ಕಿತ್ತು ತಿನ್ನುತ್ತಿದ್ದ ಹೆಣ್ಣಿನ ಕಳೇಬರವನ್ನು ಕಂಡುಬಂದುದೂ ನಿಜ. ಮೈತ್ರೇಯನ ಕಂಕುಳಿನಿಂದ ಜಾರಿಬಿದ್ದ ಒಡವೆಗಳು ವಸಂತಸೇನೆಯವೇ. ಇಷ್ಟು ನಿಜಗಳನ್ನು ಕೂಡಿಸಿದಾಗ ಬಂದ ಮೊತ್ತ ಸುಳ್ಳು! ಅದರ ಮೇಲೆ, ಪ್ರಿಯೆಯು ಸತ್ತಳೆಂದು ನಂಬಿ ಬಾಳಿಗೇ ಬೇಸತ್ತ ಚಾರುದತ್ತನು ತಪ್ಪೊಪ್ಪಿಕೊಂಡವನಂತೆಯೇ ಮಾತನಾಡಿ, ಉಳಿದುದನ್ನು ಶಕಾರನೇ ಹೇಳಲೆಂದು ಬಿಡುತ್ತಾನೆ.

ಅಧಿಕರಣಿಕನು ಮನುವಿನ ಮಾತನ್ನು ನೆನೆದು, ಬ್ರಾಹ್ಮಣನು ವಧಾರ್ಹನಲ್ಲ, ರಾಷ್ಟ್ರದಿಂದ ಹೊರಡಿಸಿದರೆ ಸಾಕೆಂದು ಅರಸನಿಗೆ ಬಿನ್ನವಿಸುತ್ತಾನೆ. ಆ ವಿನಾಯಿತಿ ಹುಟ್ಟಿನಿಂದ ಬಂದುದೇ ಹೊರತು ಸಂಶಯದಿಂದ ಬಂದುದಲ್ಲ. ಅರಸನು ಅದನ್ನೂ ಕೇಳದೆ ಶೂಲಕ್ಕೇರಿಸಬೇಕೆಂದು ಆಜ್ಞಾಪಿಸುತ್ತಾನೆ.

ಹತ್ತನೆಯ ಅಂಕವು ಬಹಳ ಎಳೆದಂತಿದೆಯೆಂದು ಕೆಲವರಿಗೆ ತೋರಬಹುದು. ಡಂಗುರ, ಮತ್ತೆ ಡಂಗುರ, ಮಗನ ಅಳು, ಸ್ಥಾವರಕನು ಉಪ್ಪರಿಗೆಯಿಂದ ಧುಮುಕಿ ಬಂದು ನಿಜವನ್ನು ಕೂಗಿದರೂ, ಕಳ್ಳ ಆಳಿನ ಮಾತೆಂದು ಶಕಾರನು ಅದನ್ನು ಅಡಗಿಸುವುದು. ಆದರೆ ಚಾರುದತ್ತನ ಪ್ರಾಣವು ಉಳಿದುದು ಈ ಎಳೆತದಿಂದಲೇ. ವಧಕರಲ್ಲೊಬ್ಬನು, ಅವಸರದಿಂದ ಕೊಲ್ಲಬೇಡವೆಂದು ತನ್ನ ತಂದೆ ಸಾಯುವಾಗ ಹೇಳಿದ ಬುದ್ಧಿಯನ್ನು ನೆನೆಯುತ್ತಾನೆ. ಯಾರಾದರೂ ಹಣ ತೆತ್ತು ಬಿಡಿಸಿಯಾರು, ಅರಸನಿಗೆ ಮಗ ಹುಟ್ಟಿಯಾನು, ಆನೆ ಕಟ್ಟು ಹರಿದುಕೊಂಡು ಗಲಭೆಯೆಬ್ಬಿಸೀತು, ಅರಸೇ ಬದಲಾದಾನು. ಇವು ನಾಲ್ಕೇ ಕಾರಣಗಳು. ವಧ್ಯನು ನಿರಪರಾಧಿಯಾಗಿದ್ದಾನು ಎಂಬ ಐದನೆಯದು ಆ ಮುದುಕನ ಪಟ್ಟಿಯಲ್ಲಿಲ್ಲ. ರಂಗದ ಮೇಲೆ ವಸಂತಸೇನೆಯು ಓಡಿಬರುವುದು ಆ ಐದನೆಯ ಕಾರಣವಾಗಿ.

ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿಯೂ ಮಾಡದ ಕೊಲೆಗೆ ಚಂದ್ರಮತಿಯ ಕೊರಳು ಗಂಡನ ಕತ್ತಿಯ ಕೆಳಗೆ ಬರುತ್ತದೆ; ಅಲ್ಲಿ ಶಿವನು ಪ್ರತ್ಯಕ್ಷನಾಗಬೇಕಾಯಿತು. ತಮಿಳಿನ ಶಿಲಪ್ಪದಿಕಾರದಲ್ಲಿ ಯಾರೂ ಬರುವುದಿಲ್ಲ. ಪಾಂಡ್ಯನು ಅಕ್ಕಸಾಲೆಯ ಮಾತನ್ನು ನಂಬಿ ಅವಸರಪಟ್ಟ. ಕಣ್ಣಗಿ ಕಾಲ್ಗಡಗವನ್ನು ಒಡೆದು ತೋರಿಸುವಾಗ ಕೋವಲನು ಸತ್ತಿದ್ದಾನೆ. ಶೂದ್ರಕನು ದೇವರನ್ನು ಕರೆಯದೆ, ಒಂದಿಷ್ಟು ವಿಳಂಬವನ್ನು ಮಾತ್ರ ಬೇಡಿದ.

ಲೋಕದಲ್ಲಿ ಆ ವಿಳಂಬ ಸಿಕ್ಕುವುದೂ ಉಂಟು, ಸಿಕ್ಕದಿರುವುದೂ ಉಂಟು. ಲಂಡನ್ನಿನಲ್ಲಿ ತಿಮೊಥಿ ಇವಾನ್ಸನೆಂಬವನನ್ನು ಮಗಳನ್ನು ಕೊಂದನೆಂದು 1950ರ ಮಾರ್ಚ್ 9ರಂದು, ತೀರ್ಪಾದ ಎರಡು ತಿಂಗಳೊಳಗೆ, ಗಲ್ಲಿಗೇರಿಸಿದರು. ಅವನ ವಿರುದ್ಧ ಮುಖ್ಯಸಾಕ್ಷಿ ನುಡಿದ ಕ್ರಿಸ್ಟಿಯು ಅದೇ ಮನೆಯ ನಿವಾಸಿ; ಅವನೇ ಹಲವು ಹೆಂಗಸರ ಕೊಲೆಗಾರನೆಂದು 1953ರಲ್ಲಿ ಬಯಲಾಯಿತು. ಇವಾನ್ಸನಿಗೆ ಕ್ಷಮಾದಾನ ದೊರೆತುದು 1966ರಲ್ಲಿ. ನಮ್ಮ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಮೂವರ ಮರಣದಂಡನೆಯನ್ನು ಸ್ಥಿರಪಡಿಸಿ, ಇನ್ನು ಮೂವರ ಜೀವಾವಧಿ ಶಿಕ್ಷೆಯನ್ನು ಮರಣಕ್ಕೆ ಏರಿಸಿತು; 2019ರಲ್ಲಿ ಅದೇ ನ್ಯಾಯಾಲಯವು ಆ ಆರು ಮಂದಿಯೂ ನಿರ್ದೋಷಿಗಳೆಂದಿತು. ನಡುವಣ ಹತ್ತು ವರ್ಷಗಳಲ್ಲಿ ನೇಣು ಬೀಳದಿದ್ದುದರಿಂದ ಆ ಮಾತನ್ನು ಕೇಳಲು ಅವರು ಉಳಿದಿದ್ದರು.

ಶೂದ್ರಕನಲ್ಲಿಯೂ ಒಂದು ಕೊರತೆಯುಂಟು. ಕಡೆಯ ಅಂಕಕ್ಕೆ ಅಧಿಕರಣಿಕನು ಬರುವುದೇ ಇಲ್ಲ; ಸತ್ಯ ತಿಳಿದ ಮೇಲೆ ಆ ಸಾಧುವಿನ ಮನಸ್ಸು ಏನಾಯಿತೆಂದು ಕವಿ ಹೇಳಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು. ವಸಂತಸೇನೆಯು ಜೀವಂತಳಾಗಿ ಬಂದಳು, ಸರಿ. ಹಾಗಾದರೆ ವೀರಕನು ಉದ್ಯಾನದಲ್ಲಿ ಕಂಡ ಆ ಹೆಣ್ಣಿನ ಹೆಣ ಯಾರದು? ನಾಟಕದಲ್ಲಿ ಯಾರೂ ಕೇಳಲಿಲ್ಲ.