ಪರದೇಶವಾಸವೂ ಪರಭಾಷಾವ್ಯಾಸಂಗವೂ

ಒಂದು ಭಾಷೆಯನ್ನು ಕಲಿಯಬೇಕಾದರೆ ಅದನ್ನಾಡುವ ಜನರ ನಡುವೆ ಹೋಗಿ ಬಾಳಬೇಕು ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಈಜು ಕಲಿಯುವವನು ನೀರಿಗಿಳಿಯಲೇಬೇಕು ಎಂಬುದು ಇದಕ್ಕೆ ಕೊಡುವ ಉಪಮಾನ. ಉಪಮಾನವು ಹಿತವಾಗಿಯೇ ಇದೆ. ಆದರೆ ಅದು ಅರ್ಧ ಸತ್ಯವನ್ನು ತೋರಿಸಿ ಉಳಿದರ್ಧವನ್ನು ಮರೆಮಾಡುವುದು. ನೀರು ತನ್ನೊಳಗೆ ಇಳಿದವರನ್ನೆಲ್ಲ ಒಂದೇ ಸಮನಾಗಿ ತೋಯಿಸುವುದು, ಜನರು ಹಾಗಲ್ಲ. ಬಂದವನೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದನ್ನು ಅವರೂ ನಿರ್ಧರಿಸುವರು. ಆದಕಾರಣ ಪರದೇಶದಲ್ಲಿ ವಾಸಮಾಡಿ ಭಾಷೆಯನ್ನು ಕಲಿಯುವುದೆಂಬುದು ಕಲಿಯುವವನೊಬ್ಬನ ಕೆಲಸವಲ್ಲ, ಆ ದೇಶದವರ ಕೆಲಸವೂ ಹೌದು. ಜಪಾನಿಗೆ ಹೋಗಿ ಅಲ್ಲಿಯ ಭಾಷೆಯನ್ನು ಒಲಿಸಿಕೊಳ್ಳಲು ಹೊರಟ ಮೂವರು ಲೇಖಕರ ಬಾಳನ್ನೂ ಬರಹವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಸಂಗತಿಯು ವಿಶದವಾಗುವುದು. ಅವರಲ್ಲಿಯೂ ಹಿದೆಯೋ ಲೀವಿಯವರು ಈ ಕಲಿಕೆಯನ್ನೇ ವಸ್ತುವನ್ನಾಗಿ ಮಾಡಿಕೊಂಡು ಕಾದಂಬರಿಯೊಂದನ್ನು ಬರೆದಿರುವುದರಿಂದ ಅದು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

ಮೊದಲು ಆ ಭಾಷೆಯ ಸ್ವರೂಪವನ್ನು ಕುರಿತು ಎರಡು ಮಾತು. ಕನ್ನಡ ವಾಚಕನಿಗೆ ಜಪಾನೀ ವಾಕ್ಯದ ಕಟ್ಟು ಅಪರಿಚಿತವೆನಿಸದು. ಕರ್ತೃ ಮೊದಲು, ಕರ್ಮ ಆಮೇಲೆ, ಕ್ರಿಯಾಪದ ಕೊನೆಗೆ; ವಿಭಕ್ತಿಯ ಅರ್ಥವನ್ನು ಕೊಡುವ ಸಣ್ಣ ಶಬ್ದಗಳು ನಾಮಪದದ ಹಿಂದೆ ಬಂದು ನಿಲ್ಲುವುವು. ತೊಡಕಿರುವುದು ಬೇರೆ ಕಡೆ. ತಲಾ 46 ಮೂಲಾಕ್ಷರಗಳ ಎರಡು ವರ್ಣಮಾಲೆಗಳಲ್ಲದೆ ಚೀನಾದಿಂದ ಬಂದ ಚಿತ್ರಾಕ್ಷರಗಳನ್ನೂ ಕಲಿಯಬೇಕು. 2010ರಲ್ಲಿ ಪರಿಷ್ಕೃತವಾದ ಸರಕಾರದ ಪಟ್ಟಿಯಲ್ಲಿ ನಿತ್ಯಬಳಕೆಯ ಚಿತ್ರಾಕ್ಷರಗಳು 2,136 ಇವೆ. ಒಂದೇ ಅಕ್ಷರಕ್ಕೆ ಎರಡು ಮೂರು ಬಗೆಯ ಉಚ್ಚಾರಣೆ ಇರುವುದೂ ಸಾಮಾನ್ಯ. ಇದಕ್ಕಿಂತ ಸೂಕ್ಷ್ಮವಾದುದು ಮರ್ಯಾದೆಯ ಪ್ರಶ್ನೆ. ಕನ್ನಡದಲ್ಲಿ ನೀನು, ನೀವು, ತಾವು ಎಂದು ಎದುರಿನವನನ್ನು ಅಳೆದು ಮಾತನಾಡುವ ಪದ್ಧತಿಯುಂಟು. ತನ್ನನ್ನು ಹೇಳಿಕೊಳ್ಳಲು ಮಾತ್ರ 'ನಾನು' ಒಂದೇ ಸಾಕು. ಜಪಾನಿಯಲ್ಲಿ ವತಾಶಿ, ಬೊಕು, ಒರೆ ಎಂದು 'ನಾನು' ಎಂಬುದೇ ಹಲವಾಗುವುದು. ಬಾಯಿ ತೆರೆಯುವ ಮುನ್ನ ಈ ಕೂಟದಲ್ಲಿ ತಾನು ಯಾರು ಎಂಬುದನ್ನು ಮಾತನಾಡುವವನು ತೀರ್ಮಾನಿಸಿಕೊಂಡಿರಬೇಕು. ಹೊರಗಿನಿಂದ ಬಂದವನಿಗೆ ಈ ತೀರ್ಮಾನವು ವ್ಯಾಕರಣಪುಸ್ತಕದಿಂದ ದೊರೆಯತಕ್ಕದ್ದಲ್ಲ.

ಲಾಫ್ಕಾಡಿಯೊ ಹರ್ನ್ ಮಹಾಶಯರು ಜಪಾನಿಗೆ ಬಂದದ್ದು 1890ರಲ್ಲಿ. ಮತ್ಸುಎ ಎಂಬ ಊರಿನಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿ, ಸಾಮುರಾಯಿ ಮನೆತನದ ಸೆತ್ಸು ಎಂಬಾಕೆಯನ್ನು ವರಿಸಿ, 1896ರಲ್ಲಿ ಆ ದೇಶದ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ಧರಿಸಿದರು. 1904ರಲ್ಲಿ ತೀರಿಕೊಳ್ಳುವವರೆಗೆ ಹದಿನಾಲ್ಕು ವರ್ಷ ಅಲ್ಲಿಯೇ ಬಾಳಿದರು. ಅಲ್ಲಿಯ ಉಡುಗೆ, ಅಲ್ಲಿಯ ಮನೆ, ಅಲ್ಲಿಯ ಸಂಸಾರ: ಪರದೇಶವಾಸವು ಇದಕ್ಕಿಂತ ಪೂರ್ಣವಾಗಿರಲಾರದು. ಆದರೂ ಆ ಭಾಷೆಯ ಗ್ರಂಥಗಳನ್ನು ತಾವೇ ಓದುವ ಶಕ್ತಿ ಅವರಿಗೆ ಕೊನೆಯವರೆಗೂ ಬರಲಿಲ್ಲ. ಗಂಡಹೆಂಡಿರ ನಡುವೆ ಕ್ರಿಯಾಪದದ ರೂಪಭೇದಗಳನ್ನು ಬಿಟ್ಟ, ವಿಭಕ್ತಿಸೂಚಕಗಳನ್ನು ಕಳಚಿದ, ಒಂದು ಮನೆಮಾತು ಹುಟ್ಟಿಕೊಂಡಿತು. ಅದಕ್ಕೆ 'ಹೆರುನ್-ಸಾನ್ ಮಾತು' ಎಂದು ಹೆಸರೇ ಬಿದ್ದಿತು. ಸೆತ್ಸು ಹಳೆಯ ಕಥೆಗಳನ್ನು ಹುಡುಕಿ ತಂದು ರಾತ್ರಿಯ ಹೊತ್ತು ಆ ಮಾತಿನಲ್ಲಿ ಹೇಳುವಳು. ಪುಸ್ತಕವನ್ನು ನೋಡಿ ಓದಕೂಡದು, ತನ್ನ ಮಾತಾಗಿ, ತನ್ನ ಭಾವನೆಯಾಗಿ ಹೇಳಬೇಕು ಎಂದು ಪತಿಯು ಕೇಳಿಕೊಳ್ಳುತ್ತಿದ್ದರೆಂದು ಆಕೆ ತನ್ನ ಸ್ಮರಣೆಯ ಬರಹದಲ್ಲಿ ತಿಳಿಸಿರುವಳು. 1904ರಲ್ಲಿ ಪ್ರಕಟವಾದ 'ಕ್ವೈದಾನ್' ಎಂಬ ಪ್ರಸಿದ್ಧ ಗ್ರಂಥದ ಹಿಂದೆ ಈ ರಾತ್ರಿಗಳಿವೆ.

ಹರ್ನರ ಸಾಧನೆಯನ್ನು ಅಲ್ಲಗಳೆಯುವುದು ಅವಿವೇಕವಾದೀತು. ಅವರ ಇಂಗ್ಲಿಷಿನ ಮೂಲಕ ಆ ಕಥೆಗಳು ಜಗತ್ತಿಗೆ ದೊರೆತುವು. ಜಪಾನಿನವರೂ ಅವರನ್ನು ತಮ್ಮವರೆಂದು ಗೌರವಿಸುವರು. ಆದರೆ ಭಾಷಾವ್ಯಾಸಂಗದ ದೃಷ್ಟಿಯಿಂದ ನೋಡಿದಾಗ ಬೇರೊಂದು ಅಂಶ ಕಾಣುವುದು. ಸೆತ್ಸುವಿನ ಪ್ರೀತಿಯು ತನ್ನ ಭಾಷೆಯನ್ನು ಬಗ್ಗಿಸಿತು. ಪತಿಗೆ ಎಟುಕುವಷ್ಟು ಕೆಳಕ್ಕೆ ಕೊಂಬೆಯನ್ನು ಹಿಡಿದು ಕೊಟ್ಟಿತು. ಹಣ್ಣು ಕೈಗೆ ಬಂತು, ಮರ ಹತ್ತುವ ಅಗತ್ಯವೇ ಉಳಿಯಲಿಲ್ಲ.

ಡೊನಾಲ್ಡ್ ಕೀನ್ ಪಂಡಿತರ ಮಾರ್ಗವು ಇದಕ್ಕೆ ತೀರ ವಿಲೋಮವಾದುದು. 1922ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು 1940ರಲ್ಲಿ ಅಂಗಡಿಯೊಂದರಲ್ಲಿ ಅಗ್ಗವಾಗಿ ಸಿಕ್ಕಿದ 'ಗೆಂಜಿಯ ಕಥೆ'ಯ ಇಂಗ್ಲಿಷ್ ಅನುವಾದವನ್ನು ಓದಿ ಮರುಳಾದರು. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಯ ಭಾಷಾಶಾಲೆಯನ್ನು ಸೇರಿ ಜಪಾನಿಯನ್ನು ಕಲಿತರು. ಸತ್ತ ಜಪಾನೀ ಸೈನಿಕರ ದಿನಚರಿಗಳನ್ನು ಓದಿ ಅನುವಾದಿಸುವುದು ಅವರ ಕೆಲಸವಾಯಿತು. ಶತ್ರುಗಳೆಂದು ಹೇಳಿಸಿಕೊಂಡವರ ಅಂತರಂಗವು ಹೀಗೆ ಕಾಗದದ ಮೇಲೆ ಅವರಿಗೆ ಮೊದಲು ಪರಿಚಯವಾಯಿತು. 1953ರಲ್ಲಿ ವ್ಯಾಸಂಗಕ್ಕಾಗಿ ಕ್ಯೋಟೊ ನಗರಕ್ಕೆ ಬರುವ ವೇಳೆಗೆ ಅವರ ಓದು ಬಹುದೂರ ಸಾಗಿತ್ತು. ಅಲ್ಲಿ ಅವರು ಮಾಡಿದ ಕಾರ್ಯಗಳಲ್ಲಿ ಗಮನಿಸತಕ್ಕದ್ದು ಕ್ಯೋಗೆನ್ ಎಂಬ ಪ್ರಾಚೀನ ಹಾಸ್ಯನಾಟ್ಯದ ಅಭ್ಯಾಸ. ಗುರುವಿನ ಎದುರು ಕುಳಿತು ಅವನ ಧ್ವನಿಯ ಏರಿಳಿತವನ್ನು ಅಕ್ಷರಶಃ ಅನುಕರಿಸಿ ಕಲಿಯತಕ್ಕ ವಿದ್ಯೆಯದು. 1956ರಲ್ಲಿ 'ಚಿದೋರಿ' ಎಂಬ ಪ್ರಹಸನದಲ್ಲಿ ತಾರೊ ಕಾಜ ಎಂಬ ಸೇವಕನ ಪಾತ್ರವನ್ನು ಅವರು ರಂಗದ ಮೇಲೆ ಅಭಿನಯಿಸಿದರು. ಕಣ್ಣಿನಿಂದ ಕಲಿತ ಭಾಷೆ ಹೀಗೆ ಕಂಠಕ್ಕೂ ಮೈಗೂ ಇಳಿಯಿತು. 2011ರ ಭೂಕಂಪದ ತರುವಾಯ ಅವರು ಜಪಾನಿನಲ್ಲಿಯೇ ಉಳಿಯಲು ನಿಶ್ಚಯಿಸಿ 2012ರಲ್ಲಿ ಅಲ್ಲಿಯ ಪ್ರಜೆಯಾದರು, 2019ರಲ್ಲಿ ಕಾಲವಾದರು.

ಈಗ ಪ್ರಕೃತ ಕಾದಂಬರಿಗೆ ಬರಬಹುದು. ಹಿದೆಯೋ ಲೀವಿಯವರು 1950ರಲ್ಲಿ ಅಮೆರಿಕದಲ್ಲಿ ಜನಿಸಿದವರು. ಹೆಸರಿನಲ್ಲಿ 'ಹಿದೆಯೋ' ಎಂದಿದ್ದರೂ ಜಪಾನಿನ ರಕ್ತಸಂಬಂಧ ಅವರಿಗಿಲ್ಲ. ತಂದೆಯು ರಾಯಭಾರಶಾಖೆಯ ಅಧಿಕಾರಿಯಾಗಿದ್ದುದರಿಂದ ಬಾಲ್ಯದ ಕೆಲವು ವರ್ಷಗಳು ತೈವಾನಿನಲ್ಲಿ ಕಳೆದುವು. 'ಮನ್ಯೋಶು' ಎಂಬ ಪ್ರಾಚೀನ ಕವಿತಾಸಂಗ್ರಹವನ್ನು ಇಂಗ್ಲಿಷಿಗೆ ತಂದು 1982ರಲ್ಲಿ ಅನುವಾದಕ್ಕಾಗಿ ಅಮೆರಿಕದ ರಾಷ್ಟ್ರೀಯ ಪುರಸ್ಕಾರವನ್ನು ಪಡೆದ ವಿದ್ವಾಂಸರು, ತರುವಾಯ ಅಲ್ಲಿಯ ಅಧ್ಯಾಪಕಪದವಿಯನ್ನು ತೊರೆದು ಟೋಕಿಯೊದಲ್ಲಿ ನೆಲಸಿ ಜಪಾನಿಯಲ್ಲಿಯೇ ಬರೆಯತೊಡಗಿದರು. 'ನಕ್ಷತ್ರಧ್ವಜದ ಗೀತೆ ಕೇಳಿಸದ ಕೋಣೆ' ಎಂದು ಕನ್ನಡಿಸಬಹುದಾದ ಈ ಕಾದಂಬರಿಯ ಮೊದಲ ಭಾಗವು 1987ರಲ್ಲಿಯೂ ಮೂರು ಭಾಗಗಳ ಪೂರ್ಣಗ್ರಂಥವು 1992ರಲ್ಲಿಯೂ ಹೊರಬಂದುವು.

ಕಥಾನಾಯಕನು ಬೆನ್ ಐಸಾಕ್ ಎಂಬ ಹದಿನೇಳರ ತರುಣ. ಯೊಕೊಹಾಮದ ಅಮೆರಿಕನ್ ಕಾನ್ಸಲ್ ಕಚೇರಿಯೇ ಅವನ ಮನೆ. ಕಾಲವು 1960ರ ದಶಕದ ಕೊನೆ; ಅಮೆರಿಕನ್ನರು ಮನೆಗೆ ಹೋಗಲಿ ಎಂಬ ಘೋಷಣೆ ಕಿಟಕಿಯ ಹೊರಗಿನಿಂದ ಕೇಳಿಬರುತ್ತಿದೆ. ತಂದೆತಾಯಿಗಳು ಬೇರೆಯಾಗಿರುವ ಈ ಹುಡುಗನಿಗೆ ಹೋಗತಕ್ಕ ಮನೆ ಎಲ್ಲಿದೆ ಎಂಬುದೇ ತಿಳಿಯದು. ಜಪಾನೀ ಕಲಿಯಲು ವಿಶ್ವವಿದ್ಯಾನಿಲಯಕ್ಕೆ ಹೋದರೆ ಅಲ್ಲಿ ವಿಚಿತ್ರವಾದ ತಡೆ: ಇವನನ್ನು ಕಂಡ ವಿದ್ಯಾರ್ಥಿಗಳು ತಮ್ಮ ಇಂಗ್ಲಿಷನ್ನು ತಿದ್ದಿಕೊಳ್ಳಲು ಮುಂದಾಗುವರು. ಅವರ ಆದರವೇ ಇವನಿಗೆ ಗೋಡೆಯಾಗುವುದು. ಇಂಥದರಲ್ಲಿ ಆಂದೊ ಎಂಬ ವಿದ್ಯಾರ್ಥಿಯು ಇವನೊಡನೆ ಜಪಾನಿಯಲ್ಲಿಯೇ ಮಾತನಾಡುವನು. ತಿಳಿಯಿತೇ ಇಲ್ಲವೇ ಎಂದು ಕಾದು ನೋಡುವ ದಾಕ್ಷಿಣ್ಯವೂ ಅವನಲ್ಲಿಲ್ಲ. ಎಷ್ಟು ಕಲಿತರೂ ಅವರು ನಿನ್ನನ್ನು ತಮ್ಮವನೆಂದು ಎಣಿಸರು ಎಂದು ಎಚ್ಚರಿಸುವ ತಂದೆಯ ಮಾತನ್ನು ಮೀರಿ ಬೆನ್ ಮನೆಬಿಟ್ಟು ಶಿಂಜುಕು ಎಂಬ ಬಡಾವಣೆಗೆ ಓಡಿಹೋಗುವನು. ಕೊನೆಯ ಭಾಗದಲ್ಲಿ ರಾತ್ರಿಯಿಡೀ ತೆರೆದಿರುವ ಕಾಫಿ ಅಂಗಡಿಯೊಂದರಲ್ಲಿ ಮಾಣಿಯ ಕೆಲಸಕ್ಕೆ ನಿಲ್ಲುವನು.

ಕಾದಂಬರಿಯ ಹೃದಯಸ್ಥಾನವು ಆಂದೊವಿನ ಪಾತ್ರವೆಂದು ಹೇಳಬೇಕು. ಅವನು ಉಪಾಧ್ಯಾಯನಲ್ಲ, ಪೋಷಕನಲ್ಲ. ಭಾಷೆಯನ್ನು ಕಲಿಸುತ್ತಿದ್ದೇನೆಂಬ ಅರಿವೂ ಅವನಿಗಿಲ್ಲ. ಬಗ್ಗದೆ ನಿಂತದ್ದೇ ಅವನು ಮಾಡಿದ ಉಪಕಾರ. ಸೆತ್ಸುವಿನ ಪ್ರೀತಿಯನ್ನೂ ಆಂದೊವಿನ ಒರಟುತನವನ್ನೂ ಪಕ್ಕಪಕ್ಕದಲ್ಲಿಟ್ಟರೆ ಎರಡನೆಯದರಿಂದಲೇ ಭಾಷೆ ದೊರೆಯಿತೆಂಬುದು ಕಾಣುವುದು. ಎದುರಿನವನು ತಪ್ಪುಮಾಡಿ ನಾಚಲಿ, ಮರಳಿ ಹೇಳಲಿ, ಆದರೆ ಈ ಭಾಷೆಯಲ್ಲಿಯೇ ಹೇಳಲಿ ಎಂದು ಬಿಡುವುದು ಅವನನ್ನು ಸಮಾನನೆಂದು ಎಣಿಸಿದ್ದಕ್ಕೆ ಗುರುತು. ಈ ಸತ್ಯವನ್ನು ಲೀವಿಯವರು ಉಪದೇಶವಾಗಿ ಹೇಳದೆ ಪಾತ್ರದ ನಡತೆಯಲ್ಲಿ ತೋರಿಸಿರುವುದು ಶ್ಲಾಘ್ಯವಾಗಿದೆ.

ಆದರೆ ಕೃತಿಯ ಮುಕ್ತಾಯವನ್ನು ಅಷ್ಟೇ ಒಪ್ಪಿಗೆಯಿಂದ ನೋಡಲಾಗದು. ಕಾಫಿ ಅಂಗಡಿಯ ಕೆಲಸಗಾರರ ನಡುವೆ, ಪರದೇಶಿಯು ಹಸಿ ಮೊಟ್ಟೆಯನ್ನು ತಿನ್ನಬಲ್ಲನೇ ಎಂಬ ಪಂಥವೇಳುವುದು. ಬೆನ್ ಅದನ್ನು ನುಂಗುವನು. ಚಿತ್ರವು ಕಣ್ಣಿಗೆ ಕಟ್ಟುವಂತಿದೆ. ಆದರೆ ಭಾಷೆಯೊಳಕ್ಕೆ ಪ್ರವೇಶಿಸುವ ಕಥೆಯು ಇಲ್ಲಿ ಗಂಟಲಿನ ಪರೀಕ್ಷೆಯಾಗಿ ಇಳಿದುಹೋಗುವುದು. ಜೊತೆಗಾರರು ಅವನನ್ನು ಒಪ್ಪಲು ಅವನ ಮಾತು ಸಾಲದೆ ಹೋಯಿತೇ? ಸಾಲದೆಂಬುದನ್ನೇ ಲೇಖಕರು ತೋರಿಸಬಯಸಿದ್ದರೆ ತಂದೆಯ ಎಚ್ಚರಿಕೆಯು ಗೆದ್ದಂತಾಗುವುದು. ಮೊಟ್ಟೆಯನ್ನು ನುಂಗಿದ್ದು ಬೆನ್ನನ ಗೆಲುವಾದರೆ, ಆ ಗೆಲುವು ಆಂದೊವಿನ ಕೋಣೆಯಲ್ಲಿ ಆಡಿದ ಮಾತುಗಳಿಗಿಂತ ಕಿರಿದು. ಕೀನ್ ಪಂಡಿತರು ರಂಗದ ಮೇಲೆ ನಿಂತಾಗಲೂ ಅದೊಂದು ಪರೀಕ್ಷೆಯೇ; ಆದರೆ ಅಲ್ಲಿ ಪರೀಕ್ಷೆಗೆ ಗುರಿಯಾದದ್ದು ಕಲಿತ ವಿದ್ಯೆ, ಹುಟ್ಟಲ್ಲ.

ಕಥೆಯ ಈ ಕೊರತೆಯನ್ನು ಗ್ರಂಥದ ಭಾಷೆಯೇ ತುಂಬಿಕೊಡುವುದೆಂಬುದು ಗಮನಾರ್ಹವಾಗಿದೆ. ಬೆನ್ನನಿಗೆ ದೊರೆತ ಒಪ್ಪಿಗೆ ಅನಿಶ್ಚಿತವಾದರೂ, ಅವನ ಕಥೆಯು ಜಪಾನಿಯಲ್ಲಿ ರಚಿತವಾಗಿ ಜಪಾನಿನವರ ಕೈಯಲ್ಲಿ ಓದಲ್ಪಟ್ಟಿತು. 1992ರಲ್ಲಿ ನೋಮಾ ಪುರಸ್ಕಾರವು ಹೊಸ ಲೇಖಕರಿಗೆ ಕೊಡುವ ಮನ್ನಣೆಯನ್ನು ಪಡೆಯಿತು. ವಾದವು ಪುಟದಲ್ಲಿಯೇ ಸಿದ್ಧವಾಗಿದೆ. 2011ರಲ್ಲಿ ಇದರ ಇಂಗ್ಲಿಷ್ ಅನುವಾದವು ಹೊರಬಿದ್ದಾಗ, ನಾಯಕನು ಯಾವ ಭಾಷೆಯಿಂದ ತಪ್ಪಿಸಿಕೊಂಡು ಓಡಿದನೋ ಅದೇ ಭಾಷೆಯಲ್ಲಿ ಅವನ ಓಟವನ್ನು ಓದುವಂತಾಯಿತು. ಅನುವಾದಕರು ಎಷ್ಟೇ ನಿಪುಣರಾದರೂ ಈ ನಷ್ಟವನ್ನು ತಡೆಯಲಾರರು. ಕನ್ನಡಕ್ಕೆ ಎಂದಾದರೂ ಈ ಕೃತಿಯು ಬರುವುದಾದರೆ ನೇರವಾಗಿ ಜಪಾನಿಯಿಂದಲೇ ಬರತಕ್ಕದ್ದು.

ಬಾಗಿಲು ಒಮ್ಮೆ ತೆರೆದ ಮೇಲೆ ಒಬ್ಬರಿಗಾಗಿ ಮಾತ್ರ ತೆರೆದಿರಲಾರದು. 2008ರಲ್ಲಿ ಚೀನಾದಲ್ಲಿ ಹುಟ್ಟಿದ ಯಾನ್ ಈ ಎಂಬ ಲೇಖಕಿಗೆ ಅಕುತಗಾವ ಪ್ರಶಸ್ತಿ ದೊರೆಯಿತು; ಜಪಾನಿಯು ಮಾತೃಭಾಷೆಯಲ್ಲದವರಿಗೆ ಅದು ದೊರೆತದ್ದು ಅದೇ ಮೊದಲು. 2021ರಲ್ಲಿ ತೈವಾನಿನಲ್ಲಿ ಹುಟ್ಟಿದ ಲಿ ಕೊತೊಮಿಯವರಿಗೂ ಅದೇ ಗೌರವವು ಸಂದಿತು. ಭಾಷೆಯು ರಕ್ತದಿಂದ ಬಂದ ಆಸ್ತಿಯೆಂಬ ಭಾವನೆಯು ಹೀಗೆ ಒಂದೊಂದೇ ಗ್ರಂಥದಿಂದ ಸಡಿಲವಾಗುತ್ತಿದೆ.

ಇಂದು ಜಪಾನೀ ಕಲಿಯಲೆಂದು ಆ ದೇಶಕ್ಕೆ ಹೊರಡುವ ವಿದ್ಯಾರ್ಥಿಗೆ ಈ ಮೂವರ ಬಾಳು ಹೇಳುವುದಿಷ್ಟು. ಹೋಗುವ ಮುನ್ನ ಕೀನರಂತೆ ಅಕ್ಷರಗಳ ಋಣವನ್ನು ತೀರಿಸಿಕೊಂಡಿರುವುದು ಮೇಲು. ಹೋದಮೇಲೆ ಹರ್ನರಿಗಾದಂತೆ, ತನಗಾಗಿ ಬಗ್ಗಿದ ಭಾಷೆಯ ನೆರಳಿನಲ್ಲಿ ಸುಖವಾಗಿ ಇದ್ದುಬಿಡುವ ಅಪಾಯವನ್ನು ನೆನಪಿಡಬೇಕು. ತನ್ನೊಡನೆ ತನ್ನ ಭಾಷೆಯಲ್ಲಿ ಮಾತನಾಡಲು ಒಪ್ಪದ ಒಬ್ಬ ಆಂದೊ ದೊರೆತರೆ ಅವನನ್ನು ಕಳೆದುಕೊಳ್ಳಬಾರದು. ಅತಿಥಿಯನ್ನು ಇದಿರುಗೊಳ್ಳುವ ಜನರಿಗೂ ಇದರಲ್ಲೊಂದು ಪಾಠವುಂಟು: ತಪ್ಪುತ್ತ ತಪ್ಪುತ್ತ ತಮ್ಮ ನುಡಿಯನ್ನಾಡುವ ಪರಸ್ಥಳದವನಿಗೆ ಅದೇ ನುಡಿಯಲ್ಲಿ ಉತ್ತರ ಕೊಡುವುದಕ್ಕಿಂತ ಹೆಚ್ಚಿನ ಸತ್ಕಾರವಿಲ್ಲ.