ಏಳು ಸಾಲಿನ ಪಟ್ಟಿ

ಬೆನ್ನುಹುರಿ ಪೆಟ್ಟಿನ ಬಗ್ಗೆ ಬರುವ ಪ್ರಬಂಧಗಳ ಮೊದಲ ಪ್ಯಾರಾದಲ್ಲಿ ಕಿಮ್ ಆಂಡರ್ಸನ್ ಅವರ 2004ರ ಸಮೀಕ್ಷೆಗೆ ಒಂದು ನಮಸ್ಕಾರ ಇದ್ದೇ ಇರುತ್ತದೆ. ಎರಡನೇ ಪ್ಯಾರಾದಿಂದ ಅದರ ಸುದ್ದಿಯಿಲ್ಲ. ಹೆಸರು ದೊಡ್ಡದು, ಓದಿದವರು ಕಡಿಮೆ ಎಂದು ನನ್ನ ಗುಮಾನಿ.

ಸಾರಾಂಶ ಎಲ್ಲರಿಗೂ ಗೊತ್ತು. ತಾವೇ ಬೆನ್ನುಹುರಿಗೆ ಪೆಟ್ಟು ತಿಂದ ವಿಜ್ಞಾನಿಯೊಬ್ಬರು ತಮ್ಮಂಥ 681 ಜನರನ್ನು ಕೇಳಿದರು: ಯಾವುದು ಮರಳಿ ಬಂದರೆ ಬದುಕು ಹೆಚ್ಚು ಸುಧಾರಿಸೀತು? ಕೈಕಾಲು ನಾಲ್ಕರ ಸ್ವಾಧೀನವೂ ತಪ್ಪಿದವರಲ್ಲಿ ಶೇ. 48.7ರಷ್ಟು ಮಂದಿ ಕೈಯ ಶಕ್ತಿಗೆ ಮೊದಲ ಸ್ಥಾನ ಕೊಟ್ಟರು. ಕಾಲಿನ ಸ್ವಾಧೀನ ಮಾತ್ರ ಹೋದವರಲ್ಲಿ ಶೇ. 26.7ರಷ್ಟು ಮಂದಿ ಲೈಂಗಿಕ ಸಾಮರ್ಥ್ಯಕ್ಕೆ. ನಡಿಗೆ ಎರಡು ಗುಂಪಿನಲ್ಲೂ ಮೊದಲಿಗೆ ಬರಲಿಲ್ಲ.

ನನ್ನನ್ನು ಕಾಡುವುದು ಪಟ್ಟಿಯ ಒಂದೇ ಒಂದು ಸಾಲು. ಆಯ್ಕೆಗಿದ್ದ ಏಳು ಸಾಲುಗಳಲ್ಲಿ ಮೂತ್ರಕೋಶ, ಮಲವಿಸರ್ಜನೆ, ರಕ್ತದೊತ್ತಡ ಹಠಾತ್ತನೆ ಏರುವ ಡಿಸ್‌ರಿಫ್ಲೆಕ್ಸಿಯಾ, ಈ ಮೂರನ್ನೂ ಒಂದರಲ್ಲೇ ತುರುಕಲಾಗಿದೆ. ಡಿಸ್‌ರಿಫ್ಲೆಕ್ಸಿಯಾ ಬಹುಮಟ್ಟಿಗೆ ಎದೆಯ ಆರನೇ ಕಶೇರುಕದ ಆಸುಪಾಸು ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಪಾಡು. ಸೊಂಟದ ಹತ್ತಿರ ಪೆಟ್ಟಾದವರಿಗೆ ಆ ಸಾಲಿನ ಮೂರನೇ ಒಂದು ಭಾಗಕ್ಕೆ ಅರ್ಥವೇ ಇಲ್ಲ. ಹಾಗಿದ್ದಮೇಲೆ ಅವರು ಅಂಕ ಕೊಟ್ಟಿದ್ದು ಯಾವುದಕ್ಕೆ? ಇನ್ನೂ ಒಂದು ತೊಡಕು. ಬೆರಳಿಗೆ ಹಿಡಿತ ಬಂದರೆ ಕ್ಯಾತಿಟರ್ ತಾನೇ ಹಾಕಿಕೊಳ್ಳಬಹುದು, ಯೂರಿನ್ ಬ್ಯಾಗ್ ಖಾಲಿ ಮಾಡಲು ಮನೆಯವರನ್ನು ಕರೆಯಬೇಕಿಲ್ಲ. ಕೈ ಕೇಳಿದವರಲ್ಲಿ ಎಷ್ಟೋ ಜನ ಕೇಳಿದ್ದು ಇದನ್ನೇ ಇರಬೇಕು. ಸಾಲುಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಕೋಷ್ಟಕ ಮಾತ್ರ ಅವನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ಇನ್ನು ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದವನಿಗೆ ಈ ಏಳು ಸಾಲು ಸಾಕಾಗುತ್ತಿರಲಿಲ್ಲ. ಅವನ ಮೊದಲ ಸಾಲು, ಮಂಚದಿಂದ ಹಿತ್ತಲ ಪಾಯಖಾನೆಗೆ ಹೋಗುವುದು ಹೇಗೆ ಎಂಬುದಿರಬಹುದು. ಅದು ನರವಿಜ್ಞಾನದ ಪಟ್ಟಿಗೆ ಸೇರುವುದಿಲ್ಲ.

ಇಷ್ಟೆಲ್ಲ ತಕರಾರಿದ್ದೂ ಇದನ್ನು ದೊಡ್ಡ ಕೆಲಸವೆಂದೇ ಕರೆಯುತ್ತೇನೆ. ಅದುವರೆಗೆ ಪೆಟ್ಟಾದವರಿಗೆ ಪ್ರಯೋಗಕ್ಕೆ ಮೈಯೊಡ್ಡುವುದಷ್ಟೇ ಪಾಲಾಗಿ ಬರುತ್ತಿತ್ತು. ಏನನ್ನು ಪ್ರಯೋಗಿಸಬೇಕೆಂದು ಹೇಳುವ ಪಾಲು ಇಲ್ಲಿ ಸಿಕ್ಕಿತು.

ನನ್ನ ಜಗಳ ಇರುವುದು ಇದನ್ನು ಹೊಗಳುವವರ ಜೊತೆ. "ನೋಡಿ, ಅವರಿಗೆ ನಡಿಗೆ ಬೇಕಾಗಿಯೇ ಇಲ್ಲ" ಎಂದು ಬರೆಯುವ ಪಂಡಿತರಿದ್ದಾರೆ. ಮೊದಲ ಸ್ಥಾನ ಕೊಡಲಿಲ್ಲ ಎಂದರೆ ಬೇಡ ಎಂದೇ? ಅನ್ನ ಮೊದಲು ಕೇಳಿದವನಿಗೆ ಪಾಯಸ ಸೇರುವುದಿಲ್ಲ ಎಂದು ತೀರ್ಮಾನಿಸಿದ ಹಾಗಾಯಿತು. ರ್‍ಯಾಂಪು ಕಟ್ಟಲು ದುಡ್ಡಿಲ್ಲದ ಸರ್ಕಾರಕ್ಕೂ ಸಂಶೋಧನೆಗೆ ಹಣ ಕೊಡದ ಸಂಸ್ಥೆಗೂ ಇಂಥ ಓದು ಬಹಳ ಅನುಕೂಲ. ಇನ್ನೊಂದು ಪಂಗಡದವರು ಲೈಂಗಿಕತೆಯ ಅಂಕಿ ಬಂದ ಕೂಡಲೇ ಗಂಟಲು ಸರಿಮಾಡಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ಕನ್ನಡದ ಆರೋಗ್ಯ ಅಂಕಣಗಳಲ್ಲಿ ಆ ಶೇ. 26.7 ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಡ್ ಸೋರ್ ಬಗ್ಗೆ ಪುಟಗಟ್ಟಲೆ ಬರುತ್ತದೆ, ಬರಲಿ. ಗಂಡಹೆಂಡಿರ ಕೋಣೆಯ ಬಗ್ಗೆ ಒಂದು ಸಾಲಿಲ್ಲ.

2011ರಲ್ಲಿ ಅಮೆರಿಕದ ಲೂಯಿವಿಲ್‌ನಿಂದ ಬಂದ ವರದಿಗೂ ಇದೇ ಗತಿಯಾಯಿತು. ಬೆನ್ನುಹುರಿಯ ಹೊದಿಕೆಯ ಮೇಲೆ ವಿದ್ಯುತ್ ಪ್ರಚೋದಕ ಇಟ್ಟ ಮೇಲೆ ಒಬ್ಬ ಯುವಕ ಎದ್ದು ನಿಂತ. ನಿಂತ ಸುದ್ದಿಯನ್ನು ಜಗತ್ತೆಲ್ಲ ಮುಖಪುಟದಲ್ಲಿ ಓದಿತು. ಮೂತ್ರದ ಹತೋಟಿ, ಲೈಂಗಿಕ ಸಾಮರ್ಥ್ಯ, ಮೈಬಿಸಿಯ ನಿಯಂತ್ರಣ ಇವೂ ಒಂದಿಷ್ಟು ಸುಧಾರಿಸಿದ್ದವೆಂದು ಅದೇ ವರದಿ ಹೇಳಿತ್ತು. ಆಂಡರ್ಸನ್‌ಗೆ ಉತ್ತರ ಕೊಟ್ಟವರು ಏಳು ವರ್ಷ ಮೊದಲೇ ಕೇಳಿದ್ದ ಸಂಗತಿಗಳಲ್ಲಿ ಎರಡು ಅದರಲ್ಲಿದ್ದವು. ಸುದ್ದಿ ಬರೆದವರಿಗೆ ಅವು ಉಪಶೀರ್ಷಿಕೆಗೂ ಸಾಲಲಿಲ್ಲ.